ಬಾಲಮಂದಿರದ ಮಕ್ಕಳೂ ಕೆಲಸದ ಕಲಿಕೆಯೂ

(ದ್ವಿತೀಯ ಬಿ.ಎ. ವಿದ್ಯಾರ್ಥಿಯೊಬ್ಬನ ಲೇಖನ)

ವಿದ್ಯೆಯ ಉದ್ದೇಶವೇನು ಎಂದು ಕೇಳಿದರೆ ಜ್ಞಾನಾರ್ಜನೆ ಎಂದು ಕೆಲವರೂ ಉದರಪೋಷಣೆ ಎಂದು ಕೆಲವರೂ ಹೇಳುವರು. ಇವೆರಡರಲ್ಲಿ ಯಾವುದು ಸರಿಯೆಂಬ ವಾದ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿಯೂ ನಡೆದಿದೆ. ತಂದೆತಾಯಿಗಳ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬರುವವರಿಗೆ ಇಂಥ ವಾದಕ್ಕೆ ಬಿಡುವುಂಟು. ಆದರೆ ಹದಿನೆಂಟು ವರ್ಷ ತುಂಬಿದೊಡನೆ ಊಟ, ಬಟ್ಟೆ, ಬಾಡಿಗೆ ಎಲ್ಲದರ ಚಿಂತೆಯನ್ನೂ ತಾವೇ ಹೊರಬೇಕಾದ ತರುಣ ತರುಣಿಯರು ನಮ್ಮ ಜಿಲ್ಲೆಯಲ್ಲಿಯೇ ಇದ್ದಾರೆ. ಅವರು ಬಾಲಮಂದಿರಗಳಲ್ಲಿಯೂ ಅನಾಥಾಲಯಗಳಲ್ಲಿಯೂ ಬೆಳೆದವರು. ಅವರಿಗೆ ಕೆಲಸದ ಕಲಿಕೆ ಯಾವಾಗ, ಎಲ್ಲಿ, ಯಾರಿಂದ ದೊರೆಯಬೇಕು ಎಂಬುದೇ ಈ ಲೇಖನದ ವಿಷಯ.

ಈ ವಿಷಯವನ್ನು ನಾನು ಪುಸ್ತಕದಿಂದ ಮಾತ್ರ ಅರಿತವನಲ್ಲ. ಏಳನೆಯ ವಯಸ್ಸಿನಿಂದ ಹದಿನೆಂಟರವರೆಗೆ ಅಂಥ ಒಂದು ಸಂಸ್ಥೆಯಲ್ಲಿ ಬೆಳೆದೆನು. ನನ್ನ ಸಹಪಾಠಿಗಳಲ್ಲಿ ಬಹಳ ಮಂದಿಗೆ ಇದು ತಿಳಿಯದು. ಇದನ್ನು ಕಾಲೇಜಿನ ಸಂಚಿಕೆಯಲ್ಲಿ ಹೇಳಬೇಕೆ ಬೇಡವೆ ಎಂದು ಹಲವು ದಿನ ಯೋಚಿಸಿದೆನು. ಹೇಳದೆ ಬರೆದರೆ ಲೇಖನವು ಪರೋಪದೇಶವಾಗುವುದೆಂದು ತೋರಿ ಹೇಳಿದ್ದೇನೆ. ಓದುಗರು ಕನಿಕರವನ್ನು ಒಂದು ಪಕ್ಕಕ್ಕಿಟ್ಟು ವಿಷಯವನ್ನು ಮಾತ್ರ ವಿಚಾರ ಮಾಡಬೇಕೆಂದು ನನ್ನ ಬಿನ್ನಹ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಇಂಥ ಸಂಸ್ಥೆಗಳಲ್ಲಿರುವ ಮಕ್ಕಳೆಲ್ಲರೂ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರಲ್ಲ. ತಾಯಿ ಸತ್ತು ತಂದೆ ಕೂಲಿಗಾಗಿ ಊರೂರು ಅಲೆಯುವವನಾದ್ದರಿಂದ ಬಂದವರುಂಟು. ತಂದೆಯಿಲ್ಲದೆ ತಾಯಿಗೆ ಸಾಕಲಾರದೆ ಬಂದವರುಂಟು. ಬಸ್ ನಿಲ್ದಾಣದಲ್ಲಿ ಸಿಕ್ಕಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದವರೂ ಉಂಟು. ಎಲ್ಲರಿಗೂ ಸಮಾನವಾದ ಸಂಗತಿ ಒಂದೇ: ಬೆಳೆಯುವ ವಯಸ್ಸಿನಲ್ಲಿ ಅವರಿಗೆ ಸಂಸಾರವೆಂಬ ಶಾಲೆ ತಪ್ಪಿಹೋಗಿರುತ್ತದೆ.

ಸಂಸಾರವು ಶಾಲೆಯೆಂಬುದು ಅಲಂಕಾರದ ಮಾತಲ್ಲ. ನಮ್ಮ ಹಳ್ಳಿಯ ಒಬ್ಬ ಸಾಮಾನ್ಯ ಹುಡುಗನನ್ನು ನೋಡಿರಿ. ಹತ್ತು ವರ್ಷಕ್ಕೆ ಅಂಗಡಿಗೆ ಹೋಗಿ ಬೆಲ್ಲ ತರುತ್ತಾನೆ. ಚಿಲ್ಲರೆ ಕಡಮೆ ಬಂದರೆ ತಾಯಿ ಗದರಿಸಿ ಹಿಂದಕ್ಕೆ ಅಟ್ಟುತ್ತಾಳೆ. ಹನ್ನೆರಡು ವರ್ಷಕ್ಕೆ ಅಪ್ಪನ ಹಿಂದೆ ಸಂತೆಗೆ ಹೋಗಿ, ಚೌಕಾಸಿ ಮಾಡುವುದು ಹೇಗೆ, ಎಲ್ಲಿ ಮಾತು ನಿಲ್ಲಿಸಬೇಕು ಎಂಬುದನ್ನು ನೋಡುತ್ತಾನೆ. ಹದಿನೈದಕ್ಕೆ ಬ್ಯಾಂಕಿನಲ್ಲಿ ಅಜ್ಜಿಯ ಪಿಂಚಣಿಯ ಚೀಟಿ ಬರೆಯುತ್ತಾನೆ. ಸೋದರಮಾವನ ಗ್ಯಾರೇಜಿನಲ್ಲಿ ರಜೆಯಲ್ಲಿ ಕುಳಿತು ಸ್ಪ್ಯಾನರುಗಳ ನಂಬರು ಕಲಿಯುತ್ತಾನೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಆದರೂ ಅವನು ಕೆಲಸಕ್ಕೆ ಸೇರುವ ಹೊತ್ತಿಗೆ ಹತ್ತು ವರ್ಷದ ಉಮೇದುವಾರಿ ಮುಗಿದಿರುತ್ತದೆ.

ಸಂಸ್ಥೆಯಲ್ಲಿ ಬೆಳೆದವನಿಗೆ ಇದಾವುದೂ ಇಲ್ಲ. ಅಲ್ಲಿ ಊಟಕ್ಕೆ ಗಂಟೆ, ಓದಿಗೆ ಗಂಟೆ, ಮಲಗಲು ಗಂಟೆ. ಸೋಪು ಪಟ್ಟಿಯ ಪ್ರಕಾರ ಬರುತ್ತದೆ. ಅದರ ಬೆಲೆ ತಿಳಿಯದು. ನಮ್ಮನ್ನು ನೋಡಿಕೊಂಡವರು ಒಳ್ಳೆಯವರೇ. ಆದರೆ ಅನೇಕ ಮಕ್ಕಳನ್ನು ಕೆಲವೇ ಮಂದಿ ನೋಡಿಕೊಳ್ಳಬೇಕಾದ ಕಡೆ ಶಿಸ್ತು ಮೊದಲು, ಸ್ವತಂತ್ರ ಬುದ್ಧಿ ಆಮೇಲೆ. ಇದು ಯಾರ ತಪ್ಪೆಂದೂ ಹೇಳುವಂತಿಲ್ಲ. ವ್ಯವಸ್ಥೆಯ ಸ್ವಭಾವವೇ ಹಾಗೆ.

ಇದರ ಪರಿಣಾಮವು ನನಗೆ ತಿಳಿದದ್ದು ನಂಜನಗೂಡಿನಲ್ಲಿ. ಪಿ.ಯು.ಸಿ. ಮುಗಿಸಿ ಹೊರಬಂದ ಮೇಲೆ ಹಿತೈಷಿಗಳೊಬ್ಬರ ಶಿಫಾರಸಿನಿಂದ ಅಲ್ಲಿ ಯಂತ್ರದ ಬಿಡಿಭಾಗಗಳನ್ನು ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿದೆನು. ಮೊದಲ ವಾರದಲ್ಲಿಯೇ ನನಗೆ ಸೋಮಾರಿಯೆಂಬ ಹೆಸರು ಬಂದಿತು. ಕೊಟ್ಟ ಕೆಲಸ ಮುಗಿದ ಮೇಲೆ ನಾನು ಸುಮ್ಮನೆ ನಿಂತಿರುತ್ತಿದ್ದೆನು. ಮುಂದಿನ ಕೆಲಸವೇನೆಂದು ಕೇಳಬೇಕು, ಇಲ್ಲವೆ ಪೊರಕೆ ಹಿಡಿದು ಕಬ್ಬಿಣದ ಚೂರನ್ನಾದರೂ ಗುಡಿಸಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ಹನ್ನೊಂದು ವರ್ಷ ಗಂಟೆಗಾಗಿ ಕಾದವನು ಅಲ್ಲಿಯೂ ಗಂಟೆಗಾಗಿ ಕಾಯುತ್ತಿದ್ದೆನು.

ಎರಡನೆಯ ತಿಂಗಳಲ್ಲಿ ನನ್ನ ಕೈಯಲ್ಲಿ ಒಂದು ಡ್ರಿಲ್ ಬಿಟ್ ಮುರಿಯಿತು. ಬೆಲೆಯೇನೂ ಹೆಚ್ಚಿನದಲ್ಲ, ಎಲ್ಲರ ಕೈಯಲ್ಲಿಯೂ ಮುರಿಯುವಂಥದೇ. ನಾನು ಅದನ್ನು ಚೂರಿನ ರಾಶಿಯಲ್ಲಿ ಮುಚ್ಚಿಟ್ಟೆನು. ಅದು ಸಿಕ್ಕಿದಾಗ ಮಾಲೀಕರು ಎಲ್ಲರೆದುರಿಗೆ ಬೈದರು. ಮರುದಿನದಿಂದ ನಾನು ಕೆಲಸಕ್ಕೆ ಹೋಗಲಿಲ್ಲ. ಬೈದರೆಂದರೆ ಹೊರಗೆ ಹಾಕಿದರೆಂದೇ ನಾನು ತಿಳಿದಿದ್ದೆನು. ಬಾಡಿಗೆಯ ಕೋಣೆಯಲ್ಲಿ ಮೂರು ದಿನ ಕುಳಿತಿದ್ದು, ಕೈಯಲ್ಲಿದ್ದ ಹಣವೂ ತೀರಿ, ಕೊನೆಗೆ ದೇವಸ್ಥಾನದ ದಾಸೋಹದಲ್ಲಿ ಉಂಡು ಬಂದೆನು. ಆ ಮೂರು ದಿನಗಳಲ್ಲಿ ನನ್ನ ಮನಸ್ಸಿಗೆ ಬಂದ ಯೋಚನೆಗಳನ್ನು ಇಲ್ಲಿ ಬರೆಯಲಾರೆ.

ನಾಲ್ಕನೆಯ ದಿನ ಸಾಯಂಕಾಲ ಲೇತಿನ ಮೇಸ್ತ್ರಿಗಳು ಕೋಣೆಯನ್ನು ಹುಡುಕಿಕೊಂಡು ಬಂದರು. ಬಾಗಿಲಲ್ಲಿಯೇ ನಿಂತು, "ಯಾಕ್ಲಾ ಮಗ, ಮೂರು ದಿವ್ಸದಿಂದ ಕಾಣೆ?" ಎಂದು ಕೇಳಿದರು.

"ಮಾಲೀಕರು ಬೈದರಲ್ಲ ಮೇಸ್ತ್ರಿ" ಎಂದೆನು.

"ಬೈದ್ರೆ ಕೆಲ್ಸ ಹೋಯ್ತು ಅನ್ಕಂಡ್ಯಾ? ನಮ್ಮಪ್ಪ ದಿನಾ ಬೈಯೋನು. ಸಂಜೆಗೆ ಅವನ ಪಕ್ಕದಲ್ಲೇ ಕುಂತ್ಕಂಡು ಉಣ್ತಿದ್ದೆ. ನಡೀ, ಬೆಳಗ್ಗೆ ಬಂದು ನಿಂತ್ಕೊ."

ನಾನು ಕಲಿತ ಪಾಠಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಬೈಗುಳ ಬೇರೆ, ಬಹಿಷ್ಕಾರ ಬೇರೆ ಎಂಬುದನ್ನು ಮನೆಯಲ್ಲಿ ಬೆಳೆದವನು ತಿಳಿಯದಂತೆಯೇ ಕಲಿತಿರುತ್ತಾನೆ. ನಾನು ಅದನ್ನು ಹದಿನೆಂಟು ದಾಟಿದ ಮೇಲೆ, ಹೊಟ್ಟೆಗಿಲ್ಲದ ಮೂರು ದಿನಗಳ ಶುಲ್ಕ ತೆತ್ತು ಕಲಿತೆನು. ಮೇಸ್ತ್ರಿಗಳು ಬಾರದೆ ಇದ್ದಿದ್ದರೆ? ನನ್ನ ಜೊತೆಯಲ್ಲಿ ಹೊರಬಂದವರ ಪೈಕಿ ಇಬ್ಬರನ್ನು ಹೀಗೆ ಹುಡುಕಿಕೊಂಡು ಹೋದವರು ಯಾರೂ ಇರಲಿಲ್ಲ. ಅವರು ಈಗ ಎಲ್ಲಿದ್ದಾರೆಂಬುದು ನನಗೆ ತಿಳಿಯದು.

ಇನ್ನು ಕಾಯಿದೆಯು ಏನು ಹೇಳುತ್ತದೆಂಬುದನ್ನು ನೋಡೋಣ. 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯಿದೆಯ 46ನೆಯ ಪ್ರಕರಣವು, ಹದಿನೆಂಟು ತುಂಬಿ ಸಂಸ್ಥೆಯನ್ನು ಬಿಟ್ಟವರಿಗೆ ಸಮಾಜದಲ್ಲಿ ನೆಲೆ ನಿಲ್ಲಲು ಹಣದ ನೆರವು ಸಲ್ಲಬಹುದೆಂದು ಹೇಳುತ್ತದೆ. ಈ ನೆರವಿಗೆ ಅನುಪಾಲನೆ ಎಂದು ಹೆಸರು. ಇದರ ಅವಧಿ ಸಾಮಾನ್ಯವಾಗಿ 21 ವರ್ಷದವರೆಗೆ. 2016ರ ಮಾದರಿ ನಿಯಮಗಳು ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ ಮುಂದುವರಿಸಲು ಅವಕಾಶವಿತ್ತಿವೆ. ಆರರಿಂದ ಎಂಟು ಮಂದಿ ಒಟ್ಟಿಗೆ ಇರುವ ತಾತ್ಕಾಲಿಕ ವಸತಿ, ಕಸಬು ಕಲಿಯುವಾಗ ವಿದ್ಯಾರ್ಥಿವೇತನ, ಉದ್ಯಮಗಳಲ್ಲಿ ತರಬೇತಿಯ ಏರ್ಪಾಡು, ಮಾತನಾಡಿ ಸಲಹೆ ಕೊಡಲು ಒಬ್ಬ ಆಪ್ತಸಲಹೆಗಾರ — ಇಷ್ಟೂ ಆ ನಿಯಮಗಳಲ್ಲಿ ಬರೆದಿದೆ. ಕೇಂದ್ರ ಸರ್ಕಾರದ ‘ಮಿಷನ್ ವಾತ್ಸಲ್ಯ’ ಯೋಜನೆಯ 2022ರ ಮಾರ್ಗಸೂಚಿಯು ಅನುಪಾಲನೆಗೆ ತಿಂಗಳಿಗೆ 4000 ರೂಪಾಯಿ ಗೊತ್ತುಮಾಡಿತು. ಇದಲ್ಲದೆ 1961ರ ಅಪ್ರೆಂಟಿಸ್ ಕಾಯಿದೆಯು ಎಲ್ಲ ತರುಣರಿಗೂ ಇದ್ದೇ ಇದೆ. ಅದರ ಪ್ರಕಾರ ಅಪ್ರೆಂಟಿಸ್ ಆಗಲು ಕನಿಷ್ಠ ವಯಸ್ಸು 14. ಅಪಾಯದ ಉದ್ಯಮಗಳಲ್ಲಿ 18. 2019ರಲ್ಲಿ ತಿದ್ದಿದ ನಿಯಮಗಳು ಕಲಿಯುವವನ ಓದಿಗೆ ತಕ್ಕಂತೆ ತಿಂಗಳಿಗೆ 5000ದಿಂದ 9000 ರೂಪಾಯಿಯ ಕನಿಷ್ಠ ವೇತನವನ್ನು ನಿಗದಿಮಾಡಿದವು.

ಹೀಗೆ ಕಾಯಿದೆಯಲ್ಲಿ ಕೊರತೆ ಹೆಚ್ಚಿಲ್ಲ. ಕೊರತೆಯಿರುವುದು ಕಾಲದ ಹೊಂದಾಣಿಕೆಯಲ್ಲಿ. ಅನುಪಾಲನೆಯು ಹದಿನೆಂಟರ ಆಚೆಗೆ ಆರಂಭವಾಗುತ್ತದೆ; ಸೂರು ಹದಿನೆಂಟಕ್ಕೇ ತಪ್ಪುತ್ತದೆ. ಸೂರು, ಊಟ, ಗೆಳೆಯರು, ದಿನಚರಿ ಎಲ್ಲವೂ ಒಂದೇ ದಿನ ಬದಲಾಗುವಾಗ ಅದೇ ದಿನ ಹೊಸ ಕೆಲಸವನ್ನೂ ಕಲಿಯೆಂದರೆ ಯಾರಿಗೆ ಸಾಧ್ಯ?

ಅನಾಥ ಮಕ್ಕಳಿಗೆ ಕಸಬು ಕಲಿಸಬೇಕೆಂಬ ವಿಚಾರ ಹೊಸದೇನಲ್ಲ. ನಮ್ಮ ನಾಡಿನಲ್ಲಿಯೇ ಮಂಗಳೂರಿನ ಜೆಪ್ಪುವಿನಲ್ಲಿ ಸಂತ ಜೋಸೆಫರ ಆಶ್ರಮದವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕಾರ್ಯಾಗಾರವನ್ನು ಕಟ್ಟಿ, ಅನಾಥ ಬಾಲಕರಿಗೆ ಮರಗೆಲಸವೇ ಮೊದಲಾದ ಕೈಗೆಲಸಗಳನ್ನು ಕಲಿಸಿದರು. ಅಲ್ಲಿ ಕಲಿತವರಿಗೆ ಕೈಯಲ್ಲಿ ಕಸಬಿತ್ತು. ಆದರೆ ಕಾರ್ಯಾಗಾರ ಆಶ್ರಮದ್ದೇ ಆದಾಗ ಹೊರಗಿನ ಮಾಲೀಕ, ಹೊರಗಿನ ಗಿರಾಕಿ, ಹೊರಗಿನ ಬೈಗುಳ ಇವುಗಳ ಪರಿಚಯ ಕಡಮೆಯಾಗುವುದು ಸಹಜ. ಈಗಲೂ ಸಂಸ್ಥೆಯ ಒಳಗೇ ಹೊಲಿಗೆ ಯಂತ್ರವನ್ನೋ ಕಂಪ್ಯೂಟರನ್ನೋ ಇಟ್ಟು ತರಬೇತಿ ಆಯಿತೆಂದು ತೃಪ್ತಿಪಡುವುದುಂಟು. ನೀರಿಗಿಳಿಸದೆ ಈಜು ಕಲಿಸಿದಂತೆ ಇದು.

ಹೊರಗೆ ಕಳುಹಿಸುವುದರಲ್ಲಿಯೂ ಅಪಾಯವಿಲ್ಲದಿಲ್ಲ. ಇಂಗ್ಲೆಂಡಿನಲ್ಲಿ ಹತ್ತಿಯ ಗಿರಣಿಗಳು ಹುಟ್ಟಿದ ಕಾಲದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿಯೇ ಗಿರಣಿಗಳಿಗೆ ಒಪ್ಪಿಸುತ್ತಿದ್ದರು. ಅವರ ದುಡಿಮೆ ಎಷ್ಟು ಕ್ರೂರವಾಗಿತ್ತೆಂದರೆ, 1802ರಲ್ಲಿ ಪಾರ್ಲಿಮೆಂಟು ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ದುಡಿಸಕೂಡದೆಂದು ಶಾಸನ ಮಾಡಬೇಕಾಯಿತು. ಹನ್ನೆರಡು ಗಂಟೆಯೇ ದಯೆಯೆನಿಸಿತ್ತು! ಕೇಳುವವರಿಲ್ಲದ ಮಗುವನ್ನು ಅಗ್ಗದ ಆಳನ್ನಾಗಿ ಮಾಡಿಕೊಳ್ಳುವ ಆಸೆ ಯಾವ ದೇಶದಲ್ಲಿಯೂ ಯಾವ ಕಾಲದಲ್ಲಿಯೂ ಹುಟ್ಟಬಹುದು. ನಮ್ಮ ದೇಶದಲ್ಲಿ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು 14ರಿಂದ 18ರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿದೆ. ಕಲಿಕೆಯೆಂಬ ಹೆಸರಿನಲ್ಲಿ ಇದನ್ನು ಮೀರಲು ಯಾರಿಗೂ ಅವಕಾಶವಿರಕೂಡದು.

ಈಗ ನಮ್ಮ ಎರಡು ತಾಲ್ಲೂಕುಗಳ ಕಡೆ ತಿರುಗೋಣ. ನಂಜನಗೂಡಿನಲ್ಲಿ ಕಲಿಯುವ ಕೆಲಸಕ್ಕೆ ಕೊರತೆಯಿಲ್ಲ. ಬಿ. ವಿ. ಪಂಡಿತರ ಸದ್ವೈದ್ಯಶಾಲೆಯು 1913ರಲ್ಲಿ ಆರಂಭವಾಗಿ ಹಲ್ಲುಪುಡಿಯಿಂದ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿತು. 1989ರಲ್ಲಿ ನೆಸ್ಲೆಯವರ ಕಾಫಿ ಕಾರ್ಖಾನೆ ಬಂದಿತು. ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳು, ಅಳಗಂಚಿಯ ಸಕ್ಕರೆ ಕಾರ್ಖಾನೆ, ಇವುಗಳ ಆಸರೆಯಲ್ಲಿ ಲೇತು, ವೆಲ್ಡಿಂಗು, ಲಾರಿ ರಿಪೇರಿ, ಕ್ಯಾಂಟೀನು ಮೊದಲಾದ ನೂರಾರು ಸಣ್ಣ ಕಸಬುಗಳು ನಡೆಯುತ್ತವೆ. ಶ್ರೀಕಂಠೇಶ್ವರನ ಸನ್ನಿಧಿಯ ಸುತ್ತ ಹೂವು, ಹೋಟೆಲು, ಯಾತ್ರಿಕರ ವಸತಿ ಇವೂ ಉದ್ಯೋಗಗಳೇ. ಕಲಿಯುವವನಿಗೆ ದೊಡ್ಡ ಕಾರ್ಖಾನೆಯೇ ಮೇಲೆಂದು ನಾನು ಭಾವಿಸುವುದಿಲ್ಲ. ಹತ್ತು ಜನರ ವರ್ಕ್‌ಶಾಪಿನಲ್ಲಿ, ಬಾರದೆ ಹೋದವನು ಯಾರೆಂಬುದು ಮೇಸ್ತ್ರಿಗೆ ತಿಳಿಯುತ್ತದೆ.

ಟಿ. ನರಸೀಪುರದ ಸ್ಥಿತಿ ಬೇರೆ. ಕಾವೇರಿ ಕಪಿಲೆಯರು ಕೂಡುವ ಆ ಕ್ಷೇತ್ರ ಹೊಲಗದ್ದೆಗಳ ನಡುವಿನದು. ರೇಷ್ಮೆ ಅಲ್ಲಿನ ಹಳೆಯ ಕಸಬು. ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ನೂಲು ಬಿಚ್ಚಾಣಿಕೆಯ ಕಾರ್ಖಾನೆ ಅಲ್ಲಿದೆ. 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಬೇಕಾದ ನೂಲು ಅಲ್ಲಿಂದ ಹೋಗುತ್ತದೆ. ಕಳೆದ ರಜೆಯಲ್ಲಿ ಸಮಾಜಶಾಸ್ತ್ರದ ಉಪನ್ಯಾಸಕರ ಸಲಹೆಯಂತೆ ನಾನು ಆ ಊರಿಗೆ ಹೋಗಿ, ನನ್ನಂತೆಯೇ ಸಂಸ್ಥೆಗಳಲ್ಲಿ ಬೆಳೆದು ಈಗ ಅಲ್ಲಿ ಕೆಲಸ ಕಲಿಯುತ್ತಿರುವ ಮೂವರು ತರುಣಿಯರನ್ನು ಕಂಡು ಮಾತನಾಡಿದೆನು. ಇಬ್ಬರು ಹೊಲಿಗೆಯಂಗಡಿಯಲ್ಲಿದ್ದರು, ಒಬ್ಬಳು ಖಾಸಗಿಯವರ ಸಣ್ಣ ಬಿಚ್ಚಾಣಿಕೆ ಘಟಕದಲ್ಲಿದ್ದಳು.

ಹೊಲಿಗೆ ಕಲಿಯುತ್ತಿದ್ದವರಲ್ಲಿ ಒಬ್ಬಳು, "ಅಣ್ಣ, ಹೊಲಿಯೋದು ಕಷ್ಟ ಆಗ್ಲಿಲ್ಲ, ಅರ್ಜಿ ತುಂಬೋದೇ ಕಷ್ಟ ಆಯ್ತು" ಎಂದಳು. ಬ್ಯಾಂಕಿನ ಖಾತೆಗಾಗಿ ಕೊಟ್ಟ ಅರ್ಜಿಯಲ್ಲಿ ‘ಖಾಯಂ ವಿಳಾಸ’ ಎಂಬ ಕಡೆ ಏನು ಬರೆಯಬೇಕೆಂದು ತೋಚದೆ ಒಂದು ಗಂಟೆ ಕುಳಿತಿದ್ದು ಎದ್ದು ಬಂದಳಂತೆ. ಅಂಗಡಿಯ ಯಜಮಾನಿತಿ ಮರುದಿನ ಅವಳನ್ನು ಕರೆದುಕೊಂಡು ಹೋಗಿ, "ನಮ್ಮನೆ ವಿಳಾಸಾನೇ ಬರಿಯವ್ವ" ಎಂದು ತಮ್ಮ ಮನೆಯ ಕಾಗದಪತ್ರಗಳನ್ನು ಮುಂದಿಟ್ಟರಂತೆ. ಇನ್ನೊಬ್ಬಳಿಗೆ ಹೊಲಿಗೆಯಲ್ಲಿ ಮನಸ್ಸಿಲ್ಲ. ಮೋಟಾರು ರಿಪೇರಿ ಕಲಿಯಬೇಕೆಂದು ಅವಳಿಗೆ ಆಸೆ. "ಹೆಣ್ಮಕ್ಳಿಗೆ ಹೊಲಿಗೆ ಅಂತ ಮೊದ್ಲೇ ಬರ್ದಿಟ್ಟಿದ್ರು" ಎಂದು ನಕ್ಕಳು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ಮೂರನೆಯವಳು ನನಗೆ ನೂಲು ಬಿಚ್ಚುವುದನ್ನು ತೋರಿಸಿದಳು. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ಅಂಟನ್ನು ಮೆದುಮಾಡಿ ಎಳೆಯ ತುದಿಯನ್ನು ಹಿಡಿಯುತ್ತಾರೆ. ಒಂದು ಗೂಡಿನ ಎಳೆ ಬಹಳ ತೆಳು. ಆದ್ದರಿಂದ ಏಳೆಂಟು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲಾಗಿ ರಾಟೆಗೆ ಸುತ್ತುತ್ತಾರೆ. ಎಲ್ಲ ಗೂಡುಗಳೂ ಒಟ್ಟಿಗೆ ಮುಗಿಯುವುದಿಲ್ಲ. ಒಂದು ಗೂಡು ಮುಗಿಯುತ್ತ ಬಂದುದನ್ನು ಕಣ್ಣಿನಿಂದಲೇ ಅರಿತು, ಹೊಸ ಗೂಡಿನ ಎಳೆಯನ್ನು ಓಡುತ್ತಿರುವ ನೂಲಿಗೆ ತಾಗಿಸಬೇಕು. ಅದು ತಾನಾಗಿಯೇ ಅಂಟಿಕೊಂಡು ಮೇಲಕ್ಕೆ ಹೋಗುತ್ತದೆ. ತಡಮಾಡಿದರೆ ನೂಲು ಆ ಜಾಗದಲ್ಲಿ ತೆಳುವಾಗುತ್ತದೆ; ಮುಂದೆ ಮಗ್ಗದಲ್ಲಿ ಕಡಿಯುವುದೂ ಅಲ್ಲಿಯೇ. "ಹಳೇದು ಪೂರ್ತಿ ಮುಗ್ದ್ ಮೇಲೆ ಸೇರಿಸ್ತೀನಿ ಅಂದ್ರೆ ಆಗಲ್ಲ ಅಣ್ಣ" ಎಂದಳು. ಅವಳು ಹೇಳಿದ್ದು ನೂಲಿನ ಮಾತು. ನನಗೆ ಮಾತ್ರ ನನ್ನ ಹದಿನೆಂಟನೆಯ ವರ್ಷ ನೆನಪಿಗೆ ಬಂದಿತು.

ಈ ಎಲ್ಲದರಿಂದ ನಾನು ಕಂಡುಕೊಂಡ ಸಂಗತಿಗಳನ್ನು ಕ್ರಮವಾಗಿ ಹೇಳುತ್ತೇನೆ.

ಒಂದನೆಯದು, ಕೆಲಸದ ಕಲಿಕೆಯು ಹದಿನೆಂಟಕ್ಕೆ ಮೊದಲೇ, ಸಂಸ್ಥೆಯ ಸೂರಿರುವಾಗಲೇ ಆರಂಭವಾಗಬೇಕು. ಎಸ್.ಎಸ್.ಎಲ್.ಸಿ. ಆದ ಮೇಲಿನ ಬೇಸಗೆ ರಜೆಯಲ್ಲಿ ಒಂದು ತಿಂಗಳು, ಮುಂದಿನ ರಜೆಯಲ್ಲಿ ಇನ್ನೊಂದು ತಿಂಗಳು ಅಪಾಯವಿಲ್ಲದ ಕೆಲಸದಲ್ಲಿ ದಿನಕ್ಕೆ ಕೆಲವು ಗಂಟೆ ಕಳೆದರೆ ಸಾಕು. ಓದಿಗೆ ಕುತ್ತು ಬರಬಾರದು. ಆಗ ತಪ್ಪು ಮಾಡಿದರೂ ರಾತ್ರಿ ಊಟವೂ ಹಾಸಿಗೆಯೂ ಇರುತ್ತವೆ. ತಪ್ಪು ಮಾಡಿಯೂ ಉಪವಾಸ ಬೀಳದೆ ಇರುವ ಅವಕಾಶವೇ ಕಲಿಕೆಯ ಮೂಲಧನ. ಮನೆಯಿರುವ ಮಕ್ಕಳಿಗೆಲ್ಲ ಅದು ದೊರೆಯುತ್ತದೆ.

ಎರಡನೆಯದು, ಕೆಲಸದ ಸ್ಥಳದಲ್ಲಿ ಇಂಥವರೇ ಎಂದು ಗೊತ್ತುಮಾಡಿದ ಒಬ್ಬ ಹಿರಿಯರು ಇರಬೇಕು. ಕೆಲಸ ಕಲಿಸುವುದಷ್ಟೇ ಅವರ ಹೊಣೆಯಲ್ಲ. ಹುಡುಗ ಎರಡು ದಿನ ಬಾರದಿದ್ದರೆ ಏಕೆಂದು ವಿಚಾರಿಸುವುದೂ ಅವರ ಹೊಣೆ. ನನ್ನ ಅನುಭವದಲ್ಲಿ ಸಾವಿರ ರೂಪಾಯಿಯ ನೆರವಿಗಿಂತ ಇದು ಹೆಚ್ಚು.

ಮೂರನೆಯದು, ಕಲಿಯುವ ಕಾಲದ ಸಂಬಳ ಅವರದೇ ಖಾತೆಗೆ ಬರಬೇಕು. ಅದರಲ್ಲಿ ಒಂದು ಪಾಲನ್ನು ಅವರೇ ಖರ್ಚು ಮಾಡಬೇಕು. ನನ್ನ ಮೊದಲ ತಿಂಗಳ ಸಂಬಳ ಒಂಬತ್ತು ದಿನಗಳಲ್ಲಿ ಕರಗಿತು. ಅದರಲ್ಲಿ ಒಂದು ಜೊತೆ ಬೂಟ್ಸು, ಗೆಳೆಯರಿಗೆ ಹೋಟೆಲಿನ ಊಟ ಇಷ್ಟೇ ನೆನಪಿದೆ. ಹಣ ಕಳೆಯುವ ಈ ಪಾಠವೂ ಸೂರಿನ ಕೆಳಗೇ ಆದರೆ ಒಳ್ಳೆಯದು.

ನಾಲ್ಕನೆಯದು, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕಿನ ಪುಸ್ತಕ ಇವೆಲ್ಲ ಹೊರಡುವ ದಿನಕ್ಕೆ ಮೊದಲೇ ಅವರ ಕೈಯಲ್ಲಿರಬೇಕು. ಕಾಗದವಿಲ್ಲದವನಿಗೆ ಕಸಬಿದ್ದೂ ಪ್ರಯೋಜನವಿಲ್ಲ.

ಐದನೆಯದು, ಕೆಲಸವು ಮಗುವಿನ ಒಲವಿಗೆ ತಕ್ಕದ್ದಾಗಿರಬೇಕು. ಅನಾಥರೆಂದ ಮಾತ್ರಕ್ಕೆ ಬೇಗ ದುಡಿದು ತಿನ್ನಲಿ, ಓದೇಕೆ ಎಂಬ ಭಾವನೆ ಸಲ್ಲದು. ಒಂದು ವರ್ಷ ಕೆಲಸ ಕಲಿತ ನಂತರವೇ ನಾನು ಕೂಡಿಟ್ಟ ಹಣದಿಂದ ಈ ಕಾಲೇಜಿಗೆ ಸೇರಿದೆನು. ಕಸಬು ಓದಿಗೆ ಅಡ್ಡಬರಲಿಲ್ಲ, ಓದಿಗೆ ದಾರಿಯಾಯಿತು. ಈಗಲೂ ಭಾನುವಾರಗಳಲ್ಲಿ ಅದೇ ಮೇಸ್ತ್ರಿಗಳ ಬಳಿ ದುಡಿಯುತ್ತೇನೆ.

ಇಷ್ಟನ್ನೂ ಸರ್ಕಾರವೇ ಮಾಡಲಿ ಎಂದು ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ನಮ್ಮ ಕಾಲೇಜಿನಲ್ಲಿಯೂ ಈಗ ‘ಇಂಟರ್ನ್‌ಶಿಪ್’ ಎಂಬ ಮಾತು ಕೇಳಿಬರುತ್ತಿದೆ. ನಮ್ಮಲ್ಲಿ ಅನೇಕರು ಮಾವನ ಕಛೇರಿಯಲ್ಲೋ ಪರಿಚಯದವರ ಅಂಗಡಿಯಲ್ಲೋ ಸುಲಭವಾಗಿ ಅದನ್ನು ಮುಗಿಸುತ್ತೇವೆ. ಆ ಮಾವ, ಆ ಪರಿಚಯದವರು ಇಲ್ಲದವರಿಗೆ ನಮ್ಮ ಪರಿಚಯವನ್ನು ಸ್ವಲ್ಪ ಸಾಲ ಕೊಡಬಹುದಲ್ಲವೆ? ನಿಮ್ಮ ತಂದೆಗೆ ಅಂಗಡಿಯಿದ್ದರೆ ಒಬ್ಬ ಹುಡುಗನಿಗೆ ಒಂದು ರಜೆಯ ಕಾಲ ಕೆಲಸ ಕಲಿಸಬಹುದೆ ಎಂದು ಕೇಳಿರಿ. ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರು ಶಿಬಿರದಲ್ಲಿ ರಸ್ತೆ ಗುಡಿಸಿದಂತೆಯೇ, ಬಾಲಮಂದಿರದ ಅನುಮತಿ ಪಡೆದು, ಅಲ್ಲಿನ ದೊಡ್ಡ ಮಕ್ಕಳನ್ನು ಬ್ಯಾಂಕಿಗೂ ಸಂತೆಗೂ ಕರೆದೊಯ್ದು ಚೀಟಿ ತುಂಬುವುದನ್ನೂ ಲೆಕ್ಕ ಹಾಕುವುದನ್ನೂ ಹೇಳಿಕೊಡಬಹುದು. ಪೂಜ್ಯ ಉಪನ್ಯಾಸಕರು ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟರೆ ಮುಂದಿನ ಬೇಸಗೆಗೇ ಆರಂಭಿಸಬಹುದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಜ. ಆದರೆ ಕೈಯನ್ನು ಎಲ್ಲಿ ಕೆಸರು ಮಾಡಿಕೊಳ್ಳಬೇಕೆಂದು ತೋರಿಸುವವರು ಮೊದಲು ಬೇಕು.

ನನ್ನ ಸಂಸ್ಥೆಯಿಂದ ಬರುವ ವರ್ಷ ನಾಲ್ವರು ಹುಡುಗರು ಹೊರಬರಲಿದ್ದಾರೆ. ಅವರಲ್ಲಿ ಒಬ್ಬನನ್ನು ಈ ರಜೆಯಲ್ಲಿ ಕರೆತರುವಂತೆ ಮೇಸ್ತ್ರಿಗಳು ಹೇಳಿದ್ದಾರೆ. ಉಳಿದ ಮೂವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ.